ಮಳೆಗಾಲಕ್ಕೆ ಮುನ್ನ ಗೋದಾಮಿನತ್ತ ಒಂದು ದೃಷ್ಟಿ

ಹಾನಗಲ್ಲಿನ ಭತ್ತವನ್ನಾಗಲಿ, ಹಿರೇಕೆರೂರಿನ ಗೋವಿನಜೋಳವನ್ನಾಗಲಿ, ಶಿಗ್ಗಾಂವಿ, ಸವಣೂರುಗಳ ಶೇಂಗಾವನ್ನಾಗಲಿ ಉತ್ತಮ ಬೆಲೆಯ ನಿರೀಕ್ಷೆಯಿಂದ ಬಾಡಿಗೆಯ ಗೋದಾಮಿನಲ್ಲಿರಿಸುವ ರೈತಬಾಂಧವರು, ನೀರು ಮಾಳಿಗೆಯಿಂದ ಮಾತ್ರವಲ್ಲದೆ ನೆಲದಿಂದಲೂ ಗೋಡೆಯಿಂದಲೂ ಪ್ರವೇಶಿಸುವುದೆಂಬುದನ್ನು ಮೊದಲು ಮನಗಾಣಬೇಕು. 2019ರ ಆಗಸ್ಟ್ ತಿಂಗಳಲ್ಲಿ ವರದಾ ನದಿಯು ಉಕ್ಕಿ ಹಾನಗಲ್ಲು, ಸವಣೂರು ಸೀಮೆಯ ದಡದ ಊರುಗಳನ್ನು ಪೀಡಿಸಿದುದು ಜನಮನದಿಂದ ಇನ್ನೂ ಮರೆಯಾಗಿಲ್ಲ. ಆದುದರಿಂದ ಹಿಂದಿನ ನೆರೆಯು ಎಲ್ಲಿಯವರೆಗೆ ಏರಿತ್ತೆಂಬುದನ್ನು ಊರ ಹಿರಿಯರಲ್ಲಿ ವಿಚಾರಿಸಿ, ಎತ್ತರದ ಸ್ಥಳವನ್ನೇ ಆರಿಸುವುದು ವಿವೇಕ.

ಭತ್ತ, ಗೋವಿನಜೋಳಗಳ ತೇವಾಂಶವು ಶೇಕಡ 12ರ ಆಸುಪಾಸಿಗೂ ಶೇಂಗಾದ ತೇವಾಂಶವು ಅದಕ್ಕಿಂತ ಕೆಳಕ್ಕೂ ಇಳಿಯುವಂತೆ ಒಣಗಿಸಿ, ಚೀಲಗಳನ್ನು ಬರಿನೆಲಕ್ಕಿಡದೆ ಮರದ ಹಲಗೆಗಳ ಮೇಲೆ ಒಟ್ಟಿ, ಗೋಡೆಗೂ ಒಟ್ಟಲಿಗೂ ನಡುವೆ ಒಬ್ಬ ಮನುಷ್ಯನು ಸುತ್ತಿಬರುವಷ್ಟು ಅಂತರವನ್ನು ಬಿಡತಕ್ಕದ್ದು. ಸೋರುವ ಭಯದಿಂದ ತಾಡಪತ್ರಿಯನ್ನು ನೆಲದವರೆಗೂ ಬಿಗಿದು ಮುಚ್ಚಿದರೆ, ಒಳಗಿನ ಬೆಚ್ಚನೆಯ ಆವಿಯು ಅದರ ಒಳಮೈಯಲ್ಲಿ ಹನಿಗಟ್ಟಿ, ಮೇಲಿನ ಚೀಲಗಳ ಮೇಲೆಯೇ ತೊಟ್ಟಿಕ್ಕಿ ಬೂಷ್ಟಿಗೆ ಎಡೆಮಾಡುವುದು. ಬಿಸಿಲು ಬಿದ್ದ ದಿನ ಅದನ್ನು ಸರಿಸಿ ಗಾಳಿಯಾಡಗೊಡಬೇಕು. ಒಡೆದ ಹಂಚು, ಸಡಿಲಾದ ತಗಡು, ಕಸ ತುಂಬಿದ ನೀರಿನ ದೋಣಿ ಇವೆಲ್ಲವನ್ನೂ ರೋಹಿಣಿ ಮಳೆಗೆ ಮೊದಲೇ ಸರಿಪಡಿಸಿರಿ. ಇಟ್ಟ ಮಾಲಿಗೆ ವಿಮೆಯುಂಟೇ ಎಂಬುದನ್ನು ರಸೀದಿ ಪಡೆಯುವಾಗಲೇ ಕೇಳಿ ತಿಳಿಯಿರಿ. ವರ್ಷವಿಡೀ ಬೆವರು ಸುರಿಸಿ ಗಳಿಸಿದುದನ್ನು ಒಂದು ದಿನದ ಉದಾಸೀನತೆಗೆ ಬಲಿಗೊಡದಿರಿ.