ಮನೆಯ ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ: ಸಹಿ ಹಾಕುವ ಮುನ್ನ ಮೂರು ಅಳತೆಗಳು

(ಅಧ್ಯಯನ ಪಾಠ. ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಉಪಯೋಗಕ್ಕಾಗಿ. ಗ್ರಾಮ ಸಭೆಯಲ್ಲಿ ಓದಿ ವಿವರಿಸಲು ಕೋರಿದೆ.)

ಪೀಠಿಕೆ

ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆಯು 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ದೇಶದ 1 ಕೋಟಿ ಮನೆಗಳ ಮೇಲೆ ಸೌರ ಘಟಕಗಳನ್ನು ಸ್ಥಾಪಿಸುವುದು ಇದರ ಗುರಿ. ಯೋಜನೆಯ ಹೆಸರಿನಲ್ಲಿಯೇ ‘ಉಚಿತ’ ಎಂಬ ಅರ್ಥದ ಪದವಿರುವುದರಿಂದ ಘಟಕವೇ ಉಚಿತವಾಗಿ ದೊರೆಯುವುದೆಂದು ಕೆಲವರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಸರ್ಕಾರ ನೀಡುವುದು ಸಹಾಯಧನ. ಉಳಿದ ವೆಚ್ಚವನ್ನು ಮನೆಯವರೇ ಭರಿಸಬೇಕು, ಅನೇಕ ವೇಳೆ ಸಾಲ ಪಡೆದು. ಸೌರ ಫಲಕಗಳ ಬಾಳಿಕೆ ಸುಮಾರು 25 ವರ್ಷ. ಇಷ್ಟು ದೀರ್ಘಕಾಲದ ನಿರ್ಧಾರವನ್ನು ಮಾರಾಟಗಾರರ ಮಾತಿನ ಮೇಲೆ ಕೈಗೊಳ್ಳದೆ, ಸ್ವಂತ ಬಿಲ್ಲು, ಸ್ವಂತ ತಾರಸಿ, ಸ್ವಂತ ಹಣ ಈ ಮೂರನ್ನೂ ಅಳೆದು ಕೈಗೊಳ್ಳಬೇಕೆಂಬುದೇ ಈ ಪಾಠದ ತಿರುಳು.

1. ಘಟಕವು ಕೆಲಸ ಮಾಡುವ ಬಗೆ

ಫಲಕಗಳ ಮೇಲೆ ಬಿದ್ದ ಬೆಳಕು ನೇರ ವಿದ್ಯುತ್ತಾಗಿ ಮಾರ್ಪಡುತ್ತದೆ. ಇನ್ವರ್ಟರ್ ಅದನ್ನು ಮನೆಯ ಉಪಕರಣಗಳಿಗೆ ಒಗ್ಗುವ ಪರ್ಯಾಯ ವಿದ್ಯುತ್ತನ್ನಾಗಿ ಬದಲಿಸುತ್ತದೆ. ಹಗಲಿನಲ್ಲಿ ಮನೆಯ ಬಳಕೆಗೆ ಮಿಕ್ಕ ವಿದ್ಯುತ್ತು ಎಸ್ಕಾಂ ಜಾಲಕ್ಕೆ ಹರಿಯುತ್ತದೆ. ರಾತ್ರಿ ಬೇಕಾದದ್ದು ಜಾಲದಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ನೆಟ್ ಮೀಟರ್ ಪ್ರತ್ಯೇಕವಾಗಿ ದಾಖಲಿಸುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಸಾಮಾನ್ಯ ಘಟಕವು ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ, ಸುಡುಬಿಸಿಲಿದ್ದರೂ ಸಹ. ಇದು ದೋಷವಲ್ಲ. ದುರಸ್ತಿಗಾಗಿ ಕಂಬವೇರಿದ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ತು ತಗುಲದಿರಲೆಂದು ಇನ್ವರ್ಟರ್‌ನಲ್ಲಿ ಅಳವಡಿಸಿರುವ ರಕ್ಷಣೆ. ವಿದ್ಯುತ್ ಕಡಿತದ ವೇಳೆಯಲ್ಲಿಯೂ ಬೆಳಕು ಬೇಕೆನ್ನುವವರು ಬ್ಯಾಟರಿ ಹಾಗೂ ಅದಕ್ಕೆ ಹೊಂದುವ ಇನ್ವರ್ಟರಿನ ವೆಚ್ಚವನ್ನು ಬೇರೆಯಾಗಿ ಲೆಕ್ಕ ಹಾಕತಕ್ಕದ್ದು.

2. ಮೊದಲನೆಯ ಅಳತೆ: ಬಿಲ್ಲು

ಒಂದು ತಿಂಗಳ ಬಿಲ್ಲನ್ನು ನೋಡಿ ತೀರ್ಮಾನಿಸಲಾಗದು. ಹಿಂದಿನ 12 ತಿಂಗಳ ಯೂನಿಟ್‌ಗಳನ್ನು ಕೂಡಿ, 12ರಿಂದ ಭಾಗಿಸಿ ಸರಾಸರಿಯನ್ನು ಕಂಡುಕೊಳ್ಳಬೇಕು. 1 ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಉತ್ಪಾದಿಸುತ್ತದೆ. ಬೇಸಿಗೆಯಲ್ಲಿ ಇದು ಹೆಚ್ಚುತ್ತದೆ, ಮುಂಗಾರಿನ ಮೋಡದ ದಿನಗಳಲ್ಲಿ ಗಣನೀಯವಾಗಿ ತಗ್ಗುತ್ತದೆ. ಮಲೆನಾಡು ಮತ್ತು ಕರಾವಳಿಯವರು ಈ ಇಳಿಕೆಯನ್ನು ವಿಶೇಷವಾಗಿ ಗಮನಿಸಬೇಕು.

ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಕ್ಕೆ ಉಳಿಸಲು ಬಿಲ್ಲೇ ಇಲ್ಲ. ಅಂತಹವರು ಸಾಲ ಮಾಡಿ ಘಟಕ ಹಾಕಿಸಿದರೆ ತಿಂಗಳ ಕಂತು ಮಾತ್ರ ಹೊಸದಾಗಿ ಸೇರುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿ ಪೂರ್ಣ ಬಿಲ್ಲು ಕಟ್ಟುತ್ತಿರುವ ಮನೆಗಳಿಗೆ ಘಟಕವು ನಿಜವಾದ ಉಳಿತಾಯ ತರಬಲ್ಲದು.

3. ಎರಡನೆಯ ಅಳತೆ: ತಾರಸಿ ಮತ್ತು ನೆರಳು

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ರಾಜ್ಯದಲ್ಲಿ ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಅಲ್ಪ ಓರೆಯಲ್ಲಿರುವುದು ಉತ್ತಮ.

ನೆರಳನ್ನು ಏಪ್ರಿಲ್‌ನಲ್ಲಿ ನೋಡಿ ನಿರ್ಧರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಆಗ ಸೂರ್ಯ ನಡುನೆತ್ತಿಯ ಸಮೀಪವಿರುವುದರಿಂದ ನೆರಳು ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ, ನಡುಹಗಲಿನಲ್ಲಿಯೇ 4 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಉತ್ತರದ ಕಡೆಗೆ ಸುಮಾರು 3 ಅಡಿ ಚಾಚುತ್ತದೆ. ಬೆಳಿಗ್ಗೆ ಮತ್ತು ಸಂಜೆ ಅದಕ್ಕಿಂತಲೂ ಹೆಚ್ಚು. ಆದುದರಿಂದ ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ತೆಂಗಿನ ಮರ, ನೆರೆಮನೆಯ ಗೋಡೆ ಇವುಗಳ ನೆರಳನ್ನು ಚಳಿಗಾಲದಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ ತಾರಸಿಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿಕೊಳ್ಳುವುದು ಸೂಕ್ತ. ಫಲಕಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಒಂದು ಮೂಲೆಯ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

ತಾರಸಿಯ ಗಟ್ಟಿತನವನ್ನೂ ಪರೀಕ್ಷಿಸಬೇಕು. ಮುಂಗಾರು ಪೂರ್ವದ ಬಿರುಗಾಳಿ ಫಲಕವನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎತ್ತುವ ಅಪಾಯವೇ ಹೆಚ್ಚು. ಹೆಂಚಿನ ಮನೆಯಾದರೆ ಚೌಕಟ್ಟನ್ನು ಹೆಂಚಿಗಲ್ಲ, ಕೆಳಗಿನ ಭದ್ರವಾದ ಮರದ ತೊಲೆಗಳಿಗೆ ಬಿಗಿಯಬೇಕು. ತಾರಸಿಯನ್ನು ಕೊರೆದ ಸ್ಥಳಗಳಲ್ಲಿ ನೀರು ಸೋರದಂತೆ ಮುಚ್ಚುವ ಹೊಣೆ ಯಾರದೆಂಬುದು ಕರಾರಿನಲ್ಲಿ ನಮೂದಾಗಿರಬೇಕು.

4. ಮೂರನೆಯ ಅಳತೆ: ಹಣ

ಕೇಂದ್ರದ ಸಹಾಯಧನವು 1 ಕಿಲೋವ್ಯಾಟ್‌ಗೆ ರೂ. 30,000, 2 ಕಿಲೋವ್ಯಾಟ್‌ಗೆ ರೂ. 60,000, 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟು ಗರಿಷ್ಠ ರೂ. 78,000. ಇದು ಮುಂಗಡವಲ್ಲ, ಘಟಕ ಚಾಲನೆಗೊಂಡು ಪರಿಶೀಲನೆ ಮುಗಿದ ಬಳಿಕ ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ಲೆಕ್ಕದ ಮಾದರಿ: ತಿಂಗಳಿಗೆ 240 ಯೂನಿಟ್ ಬಳಸುವ ಕುಟುಂಬವು 2 ಕಿಲೋವ್ಯಾಟ್ ಘಟಕವನ್ನು ರೂ. 1,30,000ಕ್ಕೆ ಹಾಕಿಸಿತೆಂದು ಇಟ್ಟುಕೊಳ್ಳೋಣ. ಸಹಾಯಧನ ಕಳೆದು ಉಳಿಯುವುದು ರೂ. 70,000. ಯೂನಿಟ್‌ಗೆ ರೂ. 6ರಂತೆ ವರ್ಷದ ಉಳಿತಾಯ 240 × 12 × 6 = ರೂ. 17,280. ಹೂಡಿದ ಹಣ ಮರಳಲು 4 ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬೇಕಾಗುತ್ತದೆ. ಸಾಲವಿದ್ದರೆ ಬಡ್ಡಿಯನ್ನೂ ಸೇರಿಸಬೇಕು. ಮಂಜೂರಾದ ಹೊರೆಗೆ ವಿಧಿಸುವ ನಿಗದಿತ ಶುಲ್ಕವು ಘಟಕ ಹಾಕಿಸಿದ ನಂತರವೂ ಮುಂದುವರಿಯುತ್ತದೆ ಎಂಬುದನ್ನು ಮರೆಯಬಾರದು. ಮೇಲಿನ ಬೆಲೆ ಮತ್ತು ದರಗಳು ಉದಾಹರಣೆಗಷ್ಟೆ. ಪ್ರತಿ ಕುಟುಂಬವೂ ತನ್ನ ಬಿಲ್ಲಿನ ಅಂಕಿಗಳನ್ನು ಇಲ್ಲಿ ತುಂಬಿಕೊಳ್ಳಬೇಕು.

5. ಅರ್ಜಿಯ ಕ್ರಮ

(ಅ) ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ವಿದ್ಯುತ್ ಬಿಲ್ಲಿನ ಗ್ರಾಹಕ ಸಂಖ್ಯೆ ನಮೂದಿಸಿ ನೋಂದಾಯಿಸುವುದು.
(ಆ) ನೋಂದಾಯಿತ ಮಾರಾಟಗಾರರ ಪೈಕಿ ಕನಿಷ್ಠ ಮೂವರಿಂದ ಲಿಖಿತ ದರಪಟ್ಟಿ ಪಡೆಯುವುದು.
(ಇ) ಸಹಾಯಧನಕ್ಕೆ ದೇಶದಲ್ಲಿಯೇ ತಯಾರಾದ ಫಲಕಗಳು ಕಡ್ಡಾಯ. ಕರಾರಿನಲ್ಲಿ ಇದನ್ನೂ 5 ವರ್ಷಗಳ ನಿರ್ವಹಣೆಯನ್ನೂ ಬರೆಯಿಸಿಕೊಳ್ಳುವುದು.
(ಈ) ಅಳವಡಿಕೆಯ ಬಳಿಕ ಎಸ್ಕಾಂಗೆ ನೆಟ್ ಮೀಟರ್‌ಗಾಗಿ ಅರ್ಜಿ ಸಲ್ಲಿಸುವುದು.
(ಉ) ಪರಿಶೀಲನೆ ಹಾಗೂ ಚಾಲನಾ ವರದಿಯ ನಂತರ ಬ್ಯಾಂಕ್ ವಿವರ ದಾಖಲಿಸುವುದು.

ಒ.ಟಿ.ಪಿ., ಬ್ಯಾಂಕ್ ಪಾಸ್‌ಬುಕ್ ಮತ್ತು ಖಾಲಿ ಚೆಕ್ಕುಗಳನ್ನು ಯಾವ ಮಧ್ಯವರ್ತಿಗೂ ಒಪ್ಪಿಸಬಾರದು.

6. ಸುರಕ್ಷತೆ ಮತ್ತು ಪಾಲನೆ

ಅರ್ತಿಂಗ್ ಮತ್ತು ಸಿಡಿಲು ನಿರೋಧಕವಿಲ್ಲದ ಘಟಕವನ್ನು ಸ್ವೀಕರಿಸಬಾರದು. ಮುಖ್ಯ ಸ್ವಿಚ್ ಆರಿಸಿದರೂ ಹಗಲಿನಲ್ಲಿ ಫಲಕದ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮಕ್ಕಳು ಮುಟ್ಟದಂತೆ ಎಚ್ಚರ ವಹಿಸಬೇಕು. ಫಲಕಗಳ ಧೂಳನ್ನು ಬಿಸಿಲೇರುವ ಮೊದಲು, ಶುದ್ಧ ನೀರು ಹಾಗೂ ಮೃದುವಾದ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

7. ಪಂಚಾಯಿತಿಗಳ ಪಾತ್ರ

ಯೋಜನೆಯ ಮಾರ್ಗಸೂಚಿಯಂತೆ, ತಮ್ಮ ವ್ಯಾಪ್ತಿಯಲ್ಲಿ ಅಳವಡಿಕೆಯಾಗುವ ಪ್ರತಿ ಮನೆಗೆ ರೂ. 1,000ದಂತೆ ಸ್ಥಳೀಯ ಸಂಸ್ಥೆಗಳಿಗೆ ಪ್ರೋತ್ಸಾಹಧನಕ್ಕೆ ಅವಕಾಶವಿದೆ. ಪ್ರತಿ ಜಿಲ್ಲೆಗೊಂದು ಮಾದರಿ ಸೌರ ಗ್ರಾಮವನ್ನು ಆಯ್ಕೆ ಮಾಡಿ ರೂ. 1 ಕೋಟಿ ನೆರವು ನೀಡುವ ಅಂಶವೂ ಇದೆ. ಆದರೆ ಸಂಖ್ಯೆ ಹೆಚ್ಚಿಸುವ ಉತ್ಸಾಹದಲ್ಲಿ ಅಗತ್ಯವಿಲ್ಲದ ಕುಟುಂಬವನ್ನು ಸಾಲಕ್ಕೆ ನೂಕುವುದು ಯೋಜನೆಯ ಆಶಯವಲ್ಲ. ಲೆಕ್ಕ ಸರಿಹೊಂದದ ಮನೆಗೆ ‘ಈಗ ಬೇಡ’ ಎಂದು ಹೇಳುವುದೂ ಪಂಚಾಯಿತಿಯ ಸೇವೆಯೇ ಆಗಿದೆ.

ಅಭ್ಯಾಸ

1. ನಿಮ್ಮ ಮನೆಯ 12 ತಿಂಗಳ ಸರಾಸರಿ ಬಳಕೆ ಎಷ್ಟು? ಅದಕ್ಕೆ ಎಷ್ಟು ಕಿಲೋವ್ಯಾಟ್ ಘಟಕ ಸಾಕು?
2. ಡಿಸೆಂಬರ್‌ನಲ್ಲಿ ನಿಮ್ಮ ತಾರಸಿಯ ಎಷ್ಟು ಚದರ ಅಡಿ ನೆರಳಿಲ್ಲದೆ ಉಳಿಯುತ್ತದೆ?
3. ಸಹಾಯಧನ ಕಳೆದ ವೆಚ್ಚವನ್ನು ವರ್ಷದ ಉಳಿತಾಯದಿಂದ ಭಾಗಿಸಿ. ಬಂದ ಉತ್ತರವನ್ನು ಮನೆಮಂದಿಯೊಡನೆ ಚರ್ಚಿಸಿ.