‘ಹಲಾಲ್ ಹೂಡಿಕೆ’ಗೆ ಸಹಿ ಹಾಕುವ ಮುನ್ನ

ಕೋಲಾರ ಜಿಲ್ಲೆಯ ಕ್ಯಾಲನೂರಿನಲ್ಲಿರಲಿ, ಮಾಲೂರಿನಲ್ಲಿರಲಿ, ಬಡ್ಡಿ ಬೇಡವೆನ್ನುವ ಮುಸ್ಲಿಂ ಕುಟುಂಬ ಉಳಿತಾಯವನ್ನು ಎಲ್ಲಿಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ತಾನೇ ಉತ್ತರವೆಂದು ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ನಂಬಿಸಿತು. ಸಾವಿರಾರು ಜನರಿಂದ ಹಣ ಪಡೆದ ಈ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ದುಬೈಗೆ ಹೋಗಿದ್ದ ಮುಖ್ಯಸ್ಥ ಮನ್ಸೂರ್ ಖಾನ್ ಜುಲೈನಲ್ಲಿ ದೆಹಲಿಯಲ್ಲಿ ಬಂಧನಕ್ಕೊಳಗಾದರು. ಹಣ ಕೊಟ್ಟವರನ್ನು ಈ ಸಂಸ್ಥೆ ಕಾಗದದ ಮೇಲೆ ಠೇವಣಿದಾರರೆನ್ನದೆ ಪಾಲುದಾರರೆಂದು ಕರೆದಿತ್ತು. ಎಲ್ಲಕ್ಕಿಂತ ಗಮನಿಸಬೇಕಾದದ್ದು ಇದನ್ನೇ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ, ಹಿಂತಿರುಗಿಸುವ ಮಾತಿನ ಮೇಲೆ ಪಡೆದ ಹಣ ಠೇವಣಿಯೇ. ಅದರ ಮೇಲೆ ಕೊಡುವುದನ್ನು ಬಡ್ಡಿ ಎನ್ನಲಿ, ಲಾಭ ಎನ್ನಲಿ, ಏನನ್ನೂ ಕೊಡದೇ ಇರಲಿ. ಆದರೆ ಪಾಲುದಾರರು ಬಂಡವಾಳವಾಗಿ ಹಾಕಿದ ಹಣ ಈ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ಓದದೆ ಪಾಲುದಾರನೆಂದು ಸಹಿ ಹಾಕಿದವನು ಠೇವಣಿದಾರನ ರಕ್ಷಣೆಯನ್ನು ಕೈಯಾರೆ ವಿವಾದಕ್ಕೆ ಒಡ್ಡಿಕೊಳ್ಳುತ್ತಾನೆ.

ರಿಸರ್ವ್ ಬ್ಯಾಂಕೇ ಬಡ್ಡಿರಹಿತ ಬ್ಯಾಂಕಿಗೆ ಒಪ್ಪದಿದ್ದರೆ ಜನ ಎಲ್ಲಿಗೆ ಹೋಗಬೇಕು ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ರಘುರಾಂ ರಾಜನ್ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗನ್ನು ಶಿಫಾರಸು ಮಾಡಿತ್ತು; ರಿಸರ್ವ್ ಬ್ಯಾಂಕ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು 2017ರಲ್ಲಿ ತಿಳಿಸಿತು. ಅಡ್ಡಿಯೂ ನಿಜವಾದದ್ದೇ. ಸರಕು ಕೊಂಡು ಮಾರಿದ ಲಾಭ ಈ ಪದ್ಧತಿಯ ಒಂದು ಮುಖ್ಯ ಆಧಾರ, 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಂ ಬ್ಯಾಂಕುಗಳಿಗೆ ನಿಷೇಧಿಸಿರುವುದು ಅಂಥ ವ್ಯಾಪಾರವನ್ನೇ. ಬ್ರಿಟನ್ 2003ರಲ್ಲಿ ತೆರಿಗೆ ಕಾನೂನು ತಿದ್ದಿ, ಬ್ಯಾಂಕೇ ಮನೆ ಕೊಂಡು ಗ್ರಾಹಕನಿಗೆ ಮಾರುವಾಗ ಮುದ್ರಾಂಕ ಶುಲ್ಕ ಎರಡು ಸಲ ಬೀಳದಂತೆ ಮಾಡಿತು. ಮರುವರ್ಷ ಅಲ್ಲಿ ಇಸ್ಲಾಮಿಕ್ ಬ್ಯಾಂಕ್ ಆಫ್ ಬ್ರಿಟನ್ ತೆರೆಯಿತು. ಅದಕ್ಕೂ ನಿಯಂತ್ರಕರ ಪರವಾನಗಿ ಬೇಕಾಯಿತು, ಅದರ ಠೇವಣಿಗೂ ವಿಮೆಯಿತ್ತು. ಹಾಗಾಗಿ ನಮ್ಮ ಕಾನೂನಿನ ಕೊರತೆಯನ್ನು ಪ್ರಶ್ನಿಸೋಣ, ಪರವಾನಗಿಯಿಲ್ಲದವನ ಕೈಗೆ ಹಣ ಕೊಡುವುದು ಅದಕ್ಕೆ ಪರಿಹಾರವಲ್ಲ. ಬಡ್ಡಿಯಿಲ್ಲದ ಚಾಲ್ತಿ ಖಾತೆಗೂ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಷರಿಯಾ ನಿಯಮ ಪಾಲಿಸುವ, ಸೆಬಿಯಲ್ಲಿ ನೋಂದಾಯಿತ ಮ್ಯೂಚುವಲ್ ಫಂಡುಗಳೂ ಇವೆ; ಅಲ್ಲಿ ನಷ್ಟವೂ ಆಗಬಹುದು.

ಸಂಸ್ಥೆ ಠೇವಣಿ ಪಡೆಯಲು ನೋಂದಾಯಿತವೇ ಎಂಬುದನ್ನು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ನೋಡಬಹುದು, ಅಲ್ಲೇ ದೂರನ್ನೂ ಕೊಡಬಹುದು. ಮೋಸವಾಗಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಕೋಲಾರದ ಠಾಣೆಯೂ ದೂರು ದಾಖಲಿಸಿ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಿರಿ. ಎಫ್‌ಐಆರ್ ಒಂದರಿಂದಲೇ ಹಣ ಬರುವುದಿಲ್ಲ. ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಆಸ್ತಿ ಜಪ್ತಿ ಮಾಡುವ ಸಕ್ಷಮ ಪ್ರಾಧಿಕಾರ ಅರ್ಜಿ ಕರೆದಾಗ, ರಸೀದಿ, ಒಪ್ಪಂದ, ಬ್ಯಾಂಕ್ ವಿವರಗಳ ನಕಲಿನೊಂದಿಗೆ ಬಾಕಿಗೆ ಪ್ರತ್ಯೇಕ ಕ್ಲೇಮು ಹಾಕಬೇಕು. ಮೂಲ ಪತ್ರಗಳನ್ನು ಏಜೆಂಟರ ಕೈಗೆ ಕೊಡಬೇಡಿ.