ಯಾವ ಸಾಲ ಮೊದಲು ತೀರಿಸಬೇಕು?

ನಾಲ್ಕೈದು ಕಡೆ ಸಾಲವಿರುವ ಮನೆಯಲ್ಲಿ ತಿಂಗಳ ಹಣ ಸಾಮಾನ್ಯವಾಗಿ ಬಾಗಿಲಿಗೆ ಬಂದು ದನಿ ಎತ್ತಿದವರ ಕೈ ಸೇರುತ್ತದೆ. ಸದ್ದಿಲ್ಲದೆ ನೋಟಿಸ್ ಕಳಿಸುವವರ ಸಾಲ ಹಿಂದೆ ಬೀಳುತ್ತದೆ. ಈ ಸರದಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಷಯ ದಿವಾಳಿ ನ್ಯಾಯಾಲಯಕ್ಕೆ ಹೋಗುವವರೆಗೆ, ಯಾರಿಗೆ ಮೊದಲು ಕೊಡಬೇಕೆಂದು ತೀರ್ಮಾನಿಸುವವರು ಸಾಲ ಪಡೆದವರೇ. ಒಂದೇ ಕಡೆ ಎರಡು ಮೂರು ಸಾಲವಿದ್ದರೂ ಕಾನೂನು ಅವರ ಮಾತನ್ನೇ ಮೊದಲು ಕೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ, ಇಂಥ ಸಾಲಕ್ಕೇ ಈ ಹಣ ಎಂದು ಹೇಳಿ ಕೊಟ್ಟದ್ದನ್ನು ಪಡೆದುಕೊಂಡ ಮೇಲೆ ಅದೇ ಸಾಲಕ್ಕೆ ಜಮಾ ಮಾಡಬೇಕು. ಏನೂ ಹೇಳದೆ ಕೊಟ್ಟರೆ 60ನೇ ಕಲಂ ಆ ಆಯ್ಕೆಯನ್ನು ಸಾಲ ಕೊಟ್ಟವರಿಗೆ ಒಪ್ಪಿಸುತ್ತದೆ. ವಾಯಿದೆ ಮೀರಿ ದಾವೆ ಹೂಡಲಾಗದ ಹಳೆಯ ಬಾಕಿಗೂ ಅವರು ಅದನ್ನು ಮುರಿದುಕೊಳ್ಳಬಹುದು. ಆದ್ದರಿಂದ ಕಟ್ಟುವಾಗ ಚಲನ್ ಮೇಲೆ ಸಾಲದ ಖಾತೆ ಸಂಖ್ಯೆ ಬರೆಯಿರಿ, ರಸೀದಿ ಪಡೆಯಿರಿ.

ಸರದಿ ಹಾಕಲು ಎರಡು ಅಳತೆಗಳು ಸಾಕು. ಮೊದಲನೆಯದು, ಕಂತು ತಪ್ಪಿದರೆ ಕಾನೂನು ಎಷ್ಟು ಬೇಗ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದು. ಮನೆ ಅಡವಿಟ್ಟ ಬ್ಯಾಂಕ್ ಸಾಲ 90 ದಿನ ಬಾಕಿಯಾದರೆ ವಸೂಲಾಗದ ಸಾಲವೆಂದು ದಾಖಲಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ದಾವೆ ಹೂಡದೆಯೇ ಬ್ಯಾಂಕು ಮನೆಯ ಸ್ವಾಧೀನಕ್ಕೆ ಬರಬಹುದು. (ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.) ಸಾಲ ತೀರಿಸಲು ಕೊಟ್ಟ ಚೆಕ್ ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಆಧಾರವಿಲ್ಲದ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಬಾಕಿಗಳ ದಾರಿ ಇದಕ್ಕಿಂತ ಉದ್ದ. ಅಲ್ಲಿ ದಾವೆ ನಡೆದು ಡಿಕ್ರಿ ಆಗಬೇಕು. ಆದ ಮೇಲೂ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಜಪ್ತಿ ಮಾಡುವಂತಿಲ್ಲ. ಎರಡನೆಯ ಅಳತೆ ಬಡ್ಡಿ. ಇಲ್ಲಿ ನಮ್ಮ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೈಸಾಲದವರು 'ಮೂರು ಪರ್ಸೆಂಟ್' ಎಂದರೆ ತಿಂಗಳ ಲೆಕ್ಕ, ಬ್ಯಾಂಕಿನವರು 'ಹನ್ನೆರಡು' ಎಂದರೆ ವರ್ಷದ ಲೆಕ್ಕ. ಐವತ್ತು ಸಾವಿರದ ಅಸಲು ಹಾಗೇ ಉಳಿದರೆ ಮೊದಲನೆಯದಕ್ಕೆ ವರ್ಷಕ್ಕೆ 18,000 ರೂಪಾಯಿ ಬಡ್ಡಿ, ಎರಡನೆಯದಕ್ಕೆ 6,000. ಮನೆಯ ಕಂತು, ಚೆಕ್ಕಿನ ಹಣ ಎತ್ತಿಟ್ಟು, ಉಳಿದ ಸಾಲಗಳಿಗೆ ಕನಿಷ್ಠ ಕಂತು ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯೂ ಬಡ್ಡಿ ಹೆಚ್ಚಿರುವ ಸಾಲದ ಅಸಲಿಗೆ ಹೋಗಬೇಕು.

ಬಾಗಿಲಲ್ಲಿ ನಿಂತವರು ಮಾನ ಕಳೆಯುತ್ತಾರೆ, ಬ್ಯಾಂಕು ಹಾಗೆ ಮಾಡುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆ ಭಯ ನಿಜವಾದದ್ದು. ಅದನ್ನು ಕಡೆಗಣಿಸುವವರ ಲೆಕ್ಕಾಚಾರ ಕಾಗದದಲ್ಲೇ ಉಳಿಯುತ್ತದೆ. ಆದರೆ ಮಾನ ಕಳೆಯುವ ಹಕ್ಕು ಯಾವ ಸಾಲ ಕೊಟ್ಟವರಿಗೂ ಇಲ್ಲ. ರಿಸರ್ವ್ ಬ್ಯಾಂಕಿನ 2022ರ ಸೂಚನೆಯಂತೆ ಬಾಕಿ ವಸೂಲಿಗಾಗಿ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಈ ಮಿತಿ ಬೆಳಗ್ಗೆ 9ರಿಂದ ಸಂಜೆ 6. ಬೆದರಿಸುವುದು, ನಾಲ್ಕು ಜನರೆದುರು ಅವಮಾನಿಸುವುದು, ನೆಂಟರು ಸ್ನೇಹಿತರಿಗೆ ಕಾಟ ಕೊಡುವುದು ನಿಷಿದ್ಧ. ಕಿರು ಸಾಲ, ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಕಿರುಕುಳವಾದರೆ ಮೊದಲು ಅಲ್ಲಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಒಬ್ಬರಿಗೆ ಮೊದಲು ಕೊಟ್ಟರೆ ಇನ್ನೊಬ್ಬರಿಗೆ ಮೋಸವಲ್ಲವೇ ಎಂಬ ಪ್ರಶ್ನೆಯೂ ಏಳುತ್ತದೆ. ಮುಚ್ಚಿಟ್ಟರೆ ಮೋಸ. ತಡವಾಗುವವರಿಗೆ ಆದಾಯ, ಉಳಿದ ಸಾಲಗಳು, ಕಟ್ಟಬಲ್ಲ ಕಂತು ಎಲ್ಲವನ್ನೂ ಪತ್ರದಲ್ಲಿ ತಿಳಿಸಿ ಕಾಲಾವಕಾಶ ಕೇಳುವುದು ಪ್ರಾಮಾಣಿಕ ದಾರಿ. ಕಟ್ಟಲಾಗದ ಬಡತನವೊಂದೇ ಕಾರಣಕ್ಕೆ ಯಾರನ್ನೂ ಸಿವಿಲ್ ಜೈಲಿಗೆ ಕಳಿಸಲಾಗದೆಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಕ್ತಿಯಿದ್ದೂ ಆಸ್ತಿ ಬಚ್ಚಿಡುವವರಿಗೆ ಆ ರಕ್ಷಣೆ ಇಲ್ಲ. ರಿಯಾಯಿತಿಯಲ್ಲಿ ಒಂದೇ ಬಾರಿ ತೀರಿಸುವ ಒಪ್ಪಂದ ಬಂದರೆ ಹಣ ಕಟ್ಟುವ ಮುನ್ನ ಅದನ್ನು ಲಿಖಿತವಾಗಿ ಪಡೆಯಿರಿ, ಕಟ್ಟಿದ ಮೇಲೆ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಸಿಬಿಲ್ ವರದಿಯಲ್ಲಿ ಅದು ಪೂರ್ತಿ ತೀರಿಸಿದ ಸಾಲವಾಗಿ ಕಾಣುವುದಿಲ್ಲ, ಮುಂದಿನ ಸಾಲಕ್ಕೆ ತೊಡಕಾಗಬಹುದು. ಲೋಕ ಅದಾಲತ್‌ನಲ್ಲಿ ಒಪ್ಪಿದ ರಾಜಿಗೆ ಮೇಲ್ಮನವಿ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಗೆ ಕಾಗದ ತೋರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಆ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.